ಹಿಂಗೈ ದಂಡೆ

ಗಂಗಾವಳಿ ನದಿ ಸಮುದ್ರ ಸೇರುವ ಮುನ್ನ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ಬೆಳ್ಳಕುರ್ವೆ ಎಂಬ ನಡುಗಡ್ಡೆ ಇದೆ. ಈಗ ಅಲ್ಲಿಗೆ ಸೇತುವೆಯಾಗಿದೆ, ದಿನಕ್ಕೆ ಎರಡು ಬಸ್ಸು ಬರುತ್ತವೆ. ಬಸ್ಸಿಳಿದು ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಕೆಂಪುಕಲ್ಲಿನ ಉದ್ದನೆಯ ದಂಡೆ ಸಿಗುತ್ತದೆ. ಒಂದು ಕಡೆ ಗಜನಿ ಎಂದು ಕರೆಯುವ ತಗ್ಗಿನ ಭತ್ತದ ಗದ್ದೆ, ಇನ್ನೊಂದು ಕಡೆ ಉಪ್ಪುನೀರು. ಸರ್ಕಾರದ ನಕಾಶೆಯಲ್ಲಿ ಇದಕ್ಕೆ ಒಂದು ನಂಬರು ಮಾತ್ರ ಉಂಟು. ಊರವರು ಕರೆಯುವುದು ಹಿಂಗೈ ದಂಡೆ ಎಂದು. ಬೆನ್ನ ಹಿಂದೆ ಮಡಚಿದ ಕೈಯಂತೆ ದಂಡೆ ಬಾಗಿರುವುದರಿಂದ ಈ ಹೆಸರು ಬಂತೆಂದು ಪ್ರವಾಸಿಗಳಿಗೆ ಹೇಳುವವರಿದ್ದಾರೆ. ಅದು ಸರಿಯಲ್ಲ. ಹಳೆಯ ದಂಡೆ ಹಗ್ಗ ಎಳೆದಂತೆ ನೇರವಾಗಿತ್ತು. ಈ ಬಾಗು ಸಿಮೆಂಟಿನ ಕೆಲಸವಾದಾಗ ಬಂದದ್ದು, ಹೆಸರು ಅದಕ್ಕಿಂತ ಎಷ್ಟೋ ಹಿಂದಿನದು.

ಹಿಂದೆ ಒಮ್ಮೆ, ದೋಣಿಯಲ್ಲದೆ ಬೇರೆ ದಾರಿಯಿಲ್ಲದ ಕಾಲದಲ್ಲಿ, ಈ ಕುರ್ವೆಯಲ್ಲಿ ಹಮ್ಮಣ್ಣ ನಾಯಕ ಎಂಬ ಫುಟ್‌ಬಾಲ್ ಆಟಗಾರನಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ಶಿವಮ್ಮ. ಹದಿನಾಲ್ಕರ ವಯಸ್ಸಿಗೆ ಸೋದರಮಾವನ ಜೊತೆ ಗೋವಾಕ್ಕೆ ಹೋದವನು ಅಲ್ಲಿಯ ಗಣಿ ಕಂಪನಿಯೊಂದರ ತಂಡಕ್ಕೆ ಸೇರಿ ಸಂಬಳದ ಆಟಗಾರನಾದ. ಎಡಗಾಲಿನಿಂದ ಅವನು ಹೊಡೆದ ಚೆಂಡು ಗಾಳಿಯಲ್ಲಿ ತಿರುಗುತ್ತಿತ್ತು ಎನ್ನುತ್ತಾರೆ. ಮಳೆಗಾಲದಲ್ಲಿ ಆಟ ನಿಂತಾಗ ಊರಿಗೆ ಬರುತ್ತಿದ್ದ, ಬರಿಗೈಲಿ ಬಂದದ್ದಿಲ್ಲ. ರೋಗಿಗಳನ್ನು ಆಚೆ ದಡಕ್ಕೆ ಸಾಗಿಸಲು ಮುಚ್ಚಿಗೆಯಿದ್ದ ದೋಣಿ, ಶಾಲೆಗೆ ಹೆಂಚು, ಕೊನೆಗೆ ಊರ ಬಯಲಿಗೆ ಸಾಗವಾನಿಯ ಎರಡು ಜೊತೆ ಗೋಲುಕಂಬ, ಎಲ್ಲವೂ ಅವನು ತಂದದ್ದು. ದೋಣಿ ಕೊಟ್ಟ ವರ್ಷದ ಬಗ್ಗೆ ಎರಡು ಮಾತಿದೆ. ಹೆಂಚಿಗಿಂತ ಮೊದಲೇ ದೋಣಿ ಬಂತೆಂಬುದು ಶಾಲೆಯ ಹಳೆಯ ದಿನಚರಿಯಿಂದ ಗೊತ್ತಾಗುತ್ತದೆ. ಮಕ್ಕಳಿಗೆ ಆಟ ಕಲಿಸಿದ, ಹುಡುಗಿಯರನ್ನೂ ಬಯಲಿಗಿಳಿಸಿದ. ಇಪ್ಪತ್ತೇಳು ತುಂಬುವಷ್ಟರಲ್ಲಿ ಊರಿನ ಜಗಳಗಳು ಅವನ ಜಗಲಿಗೆ ಬರುತ್ತಿದ್ದವು.

ಕುರ್ವೆಯವರು ಬೆಳೆಯುತ್ತಿದ್ದದ್ದು ಕಗ್ಗ, ಅಂದರೆ ತುಸು ಉಪ್ಪು ತಾಳುವ ಭತ್ತ. ತಾಳುತ್ತದೆಂದು ಸಸಿಯನ್ನು ದಿನಗಟ್ಟಲೆ ಉಪ್ಪುನೀರಲ್ಲಿ ಮುಳುಗಿಸುವಂತಿಲ್ಲ. ಆದ್ದರಿಂದ ದಂಡೆಯಲ್ಲೊಂದು ಬಾಯಿ ಬಿಟ್ಟು, ಅದಕ್ಕೆ ಮರದ ಚೌಕಟ್ಟು ಹೂಡಿ, ಹಲಗೆ ಇಳಿಸಿ ಎತ್ತುವ ಏರ್ಪಾಟು ಮಾಡಿದ್ದರು. ಇದಕ್ಕೆ ಜಂತ್ರಡಿ ಎಂದು ಹೆಸರು. ಉಬ್ಬರಕ್ಕೆ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಿ ಮಳೆನೀರು ಬಿಡಬೇಕು. ದಿನಕ್ಕೆ ಎರಡು ಸಲ, ಬಿತ್ತನೆಯಿಂದ ದೀಪಾವಳಿಯ ಕೊಯ್ಲಿನವರೆಗೆ. ಅದನ್ನು ನೋಡಿಕೊಳ್ಳುವ ಕಾವಲಿನವನು ಅಷ್ಟು ತಿಂಗಳು ಕುರ್ವೆ ಬಿಟ್ಟು ಕದಲುವಂತಿರಲಿಲ್ಲ. ಕಾವಲು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಕ್ಕೂ ಒಂದೇ ದಾರಿ. ಇಳಿಸುವ ಹೊತ್ತಿನಲ್ಲಿ ಇನ್ನೊಬ್ಬರು ತಾವಾಗಿ ಬಂದು ಹಲಗೆಯನ್ನು ಕೈಯಿಂದ ತೆಗೆದುಕೊಳ್ಳಬೇಕು. ಕಾವಲಿನವನು ಅದನ್ನು ಚಾಚಬಾರದು, ಬಾ ಎನ್ನಬಾರದು, ಬೇಡಬಾರದು. ತೆಗೆದುಕೊಂಡವನು ಮತ್ತೊಬ್ಬರು ಬರುವವರೆಗೆ ಬಿಡುವಂತಿಲ್ಲ. ಇದಕ್ಕೆ ದಂಡೆಯ ಮೇಲಿನ ಜಟಕ ದೇವರ ಆಣೆಯಿತ್ತು.

ಆ ವರ್ಷ ಆಷಾಢದ ಅಮಾವಾಸ್ಯೆಯ ಉಬ್ಬರಕ್ಕೆ ಜಂತ್ರಡಿಯ ಚೌಕಟ್ಟು ಮುರಿಯಿತು. ನಡು ಮಧ್ಯಾಹ್ನ. ನೀರು ಗದ್ದೆಗೆ ನುಗ್ಗುತ್ತಿತ್ತು, ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದಷ್ಟೂ ಕೊಚ್ಚಿಹೋಗುತ್ತಿತ್ತು. ಹಮ್ಮಣ್ಣ ಬಯಲಿನ ಕಡೆ ಓಡಿದ. "ಗೋಲುಕಂಬ ಕೀಳ್ರೋ!" ಎಂದು ಕೂಗಿದ. ಅವನೇ ತಂದ ಕಂಬಗಳನ್ನು ಅವನೇ ನಿಂತು ಕೀಳಿಸಿ, ಹೊತ್ತು ತಂದು, ದಂಡೆಯ ಬಾಯಿಗೆ ಹೂಡಿಸಿದ. ಕಾವಲಿನ ಬೊಮ್ಮಯ್ಯಜ್ಜ ಎದೆಮಟ್ಟದ ನೀರಿನಲ್ಲಿ ಹಲಗೆ ಹಿಡಿದು ನಿಂತಿದ್ದ. ಎಪ್ಪತ್ತು ದಾಟಿದ ಮುದುಕ, ಚಳಿಗೆ ಹಲ್ಲು ಕಡಿಯುತ್ತಿದ್ದ. ಹಮ್ಮಣ್ಣ ನೀರಿಗಿಳಿದ. "ಅಜ್ಜಾ, ಇಲ್ಲಿ ತಾ" ಎಂದವನೇ ಹಲಗೆಯನ್ನು ಕಸಿದುಕೊಂಡು ಚೌಕಟ್ಟಿಗೆ ಇಳಿಸಿದ. ನೀರು ನಿಂತಿತು. ಊರು ಉಳಿಯಿತು. ಜನ ಕೇಕೆ ಹಾಕಿದರು. ಬೊಮ್ಮಯ್ಯಜ್ಜ ಮಾತ್ರ ಖಾಲಿಯಾದ ತನ್ನ ಎರಡು ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು ಅಳತೊಡಗಿದ. ಇಪ್ಪತ್ತಾರು ಮಳೆಗಾಲ ಹಲಗೆ ತೆಗೆದುಕೊಳ್ಳಲು ಅವನ ಹತ್ತಿರ ಯಾರೂ ಬಂದಿರಲಿಲ್ಲ. ಆಗ ಹಮ್ಮಣ್ಣನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಕಟ್ಟಳೆ ಅವನಿಗೆ ಗೊತ್ತಿಲ್ಲದ್ದಲ್ಲ. ಹದಿಮೂರು ವರ್ಷ ಹೊರಗಿದ್ದು ಮರೆತಿದ್ದ.

ಹೊಸ ತಂಡ ಕಟ್ಟುವ ಶಿಬಿರ ಮಹಾಲಯ ಅಮಾವಾಸ್ಯೆಗೆ ಶುರುವಾಗುತ್ತದೆ, ಬಾರದಿದ್ದರೆ ಜಾಗ ಬೇರೆಯವರಿಗೆ, ಎಂದು ಗೋವಾದಿಂದ ಕಾಗದ ಬಂತು. ಕೊಯ್ಲಿಗೆ ಆಮೇಲೂ ಒಂದು ತಿಂಗಳಿತ್ತು. ಹಮ್ಮಣ್ಣ ದಿನಕ್ಕೆರಡು ಸಲ ನೀರಿಗಿಳಿದ. ನೋಡಲು ಜನ ಬರುತ್ತಿದ್ದರು, ಅವನ ಕೈಗುಣ ಹೊಗಳುತ್ತಿದ್ದರು, ಮನೆಯಿಂದ ರೊಟ್ಟಿ, ಮೀನುಸಾರು ತರುತ್ತಿದ್ದರು. ತಂದದ್ದನ್ನು ಕಲ್ಲಿನ ಮೇಲಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅಪ್ಪಿತಪ್ಪಿಯೂ ಹಲಗೆಗೆ ಕೈ ತಾಗಬಾರದಲ್ಲ! ಒಂದು ದಿನ ಅವನಿಗೆ ತಡೆಯಲಿಲ್ಲ. "ಎಲ್ಲರ ಕೈಗೂ ಏನಾಗ್ಯದೆ ಮಾರಾಯ್ರಾ?" ಎಂದುಬಿಟ್ಟ. ಅವನಿಂದಲೇ ಆಟ ಕಲಿತ ದೇವು ಎಂಬ ತರುಣ ನಕ್ಕು, "ಕೈ ತಾಗಿದ್ರೆ ಫೌಲು ಅಂತ ಕಲಿಸ್ದವ ನೀನೇ ಅಲ್ಲವನೋ ಹಮ್ಮಣ್ಣ!" ಎಂದ. ದಂಡೆ ತುಂಬ ನಗು. ಹಮ್ಮಣ್ಣನೂ ನಕ್ಕ. ಹಲಗೆ ಇಳಿಸಿದ. ಸುತ್ತಲೂ ನಿಂತಿದ್ದವರೆಲ್ಲ ಅವನ ದೋಣಿ ಹತ್ತಿದವರು, ಅವನ ಹೆಂಚಿನಡಿ ಓದಿದವರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಪ್ರೀತಿಯೇನೋ ಇತ್ತು. ಆ ಪ್ರೀತಿಯ ನಡುವೆ ಹಾದು ಹೊರಹೋಗಲು ಗೇಣು ಜಾಗವಿರಲಿಲ್ಲ.

ಮಹಾಲಯಕ್ಕೆ ಎರಡು ದಿನವಿರುವಾಗ ಶಿವಮ್ಮ ದಂಡೆಗೆ ಬಂದಳು. ಗಂಡ ತೀರಿಕೊಂಡ ಮೇಲೆ ಸೂಲಗಿತ್ತಿಯ ಕೆಲಸ ಕಲಿತು, ಕುರ್ವೆಯಲ್ಲೂ ಆಚೆ ದಡದ ಏಳೆಂಟು ಹಳ್ಳಿಗಳಲ್ಲೂ ಹೆರಿಗೆ ಮಾಡಿಸುತ್ತಿದ್ದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. "ಹೆಂಗಸು ಹಿಡಿಬಹುದನಾ?" ಎಂದು ಯಾರೋ ಗೊಣಗಿದರು. "ಹಿಡಿಬಾರದು ಅಂತ ಹೇಳೋರು ಇಳಿದು ಬನ್ನಿ, ಹಿಡೀರಿ" ಎಂದಳು. ಯಾರೂ ಇಳಿಯಲಿಲ್ಲ. ಅವಳು ತಮ್ಮನ ಕೈಯಿಂದ ಹಲಗೆ ತೆಗೆದುಕೊಂಡಳು. "ಹೋಗು ತಮಾ, ದೋಣಿ ತಪ್ಪೋಗ್ತದೆ" ಎಂದಷ್ಟೇ ಹೇಳಿದಳು.

ಅವನು ಹೋದ. ಚೆನ್ನಾಗಿ ಆಡಿದ, ಹೆಸರು ಮಾಡಿದ. ಪ್ರತಿ ಮಳೆಗಾಲ ಬಂದು ಊರಿಗೆ ಮೊದಲಿಗಿಂತ ಹೆಚ್ಚು ಮಾಡಿದ. ಬಯಲಿಗೆ ಹೊಸ ಕಂಬ ಬಂದವು, ಬಾವಿಗೆ ಕಟ್ಟೆ ಬಂತು, ವಾರಕ್ಕೊಮ್ಮೆ ದೋಣಿಯಲ್ಲಿ ಡಾಕ್ಟರು ಬರುವ ಏರ್ಪಾಟಾಯಿತು. ಅಕ್ಕ ಹಲಗೆ ಇಳಿಸುವ ಹೊತ್ತಿಗೆ ತಪ್ಪದೆ ದಂಡೆಗೆ ಹೋಗಿ ನಿಲ್ಲುತ್ತಿದ್ದ. ಅವನ ಕೈಗಳೂ ಬೆನ್ನ ಹಿಂದೆಯೇ ಇರುತ್ತಿದ್ದವು. ತೆಗೆದುಕೊಂಡರೆ ಮಹಾಲಯಕ್ಕೆ ಹೋಗುವಂತಿಲ್ಲ. ಇನ್ನೊಂದೇ ವರ್ಷ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದ.

ಮೂರನೆಯ ವರ್ಷದ ಶ್ರಾವಣದಲ್ಲಿ ಆಚೆ ದಡಕ್ಕೆ ಕೊಟ್ಟ ಶಿವಮ್ಮನ ಮಗಳಿಗೆ ಹೆರಿಗೆ ನೋವು ಬಂತೆಂದು ಹೇಳಿಕಳಿಸಿದರು. ಮಗು ಅಡ್ಡ ತಿರುಗಿದೆ ಎಂದೂ ಹೇಳಿದರು. ಇನ್ನೂರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವಳು ಹಲಗೆ ಹಿಡಿದು ನೀರಿನಲ್ಲಿ ನಿಂತಿದ್ದಳು. ಉಬ್ಬರ ಏರುತ್ತಿತ್ತು. ಅವಳು ತಮ್ಮನನ್ನು ಕರೆಯಲಿಲ್ಲ, ಕರೆಯುವಂತೆಯೂ ಇರಲಿಲ್ಲ. ಆಚೆ ದಡದ ತೆಂಗಿನ ಸಾಲನ್ನೇ ನೋಡುತ್ತಿದ್ದಳು. ನಾಲ್ಕು ಮೊಳ ದೂರದಲ್ಲಿ ನಿಂತಿದ್ದ ಹಮ್ಮಣ್ಣ ಬೆನ್ನ ಹಿಂದೆ ತನ್ನ ಒಂದು ಕೈಯನ್ನು ಇನ್ನೊಂದು ಕೈಯಿಂದ ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದನೆಂದರೆ ಉಗುರು ನೆಟ್ಟು ರಕ್ತ ಬಂತು ಎನ್ನುತ್ತಾರೆ. ಹೆಜ್ಜೆ ಮಾತ್ರ ಮುಂದೆ ಬರಲಿಲ್ಲ. ಸಂಜೆಗೆ ದೋಣಿ ಸುದ್ದಿ ತಂತು. ಇನ್ನೊಬ್ಬ ಸೂಲಗಿತ್ತಿಯ ಕೈಯಲ್ಲಿ ಹೆಣ್ಣುಮಗು ಹುಟ್ಟಿತ್ತು, ಇಬ್ಬರೂ ಉಳಿದಿದ್ದರು. ಊರು ನಿಟ್ಟುಸಿರು ಬಿಟ್ಟಿತು. ಆದರೆ ಆ ದಿನದಿಂದ ಜನ ದಂಡೆಗೆ ಹಿಂಗೈ ದಂಡೆ ಎನ್ನತೊಡಗಿದರು. ಅವನ ಎದುರಿಗೆ ಅನ್ನುತ್ತಿರಲಿಲ್ಲ. ತಾವೂ ಹಾಗೆಯೇ ನಿಂತಿದ್ದೆವೆಂಬುದನ್ನು ಹೇಳುತ್ತಲೂ ಇರಲಿಲ್ಲ.

ಮತ್ತೆರಡು ವರ್ಷಕ್ಕೆ ಹಮ್ಮಣ್ಣನ ಮೊಣಕಾಲು ಹೋಯಿತು. ಕಂಪನಿ ಶಾಲು ಹೊದಿಸಿ ಕಳಿಸಿತು. ಕುರ್ವೆಗೆ ಬಂದವನು ಮನೆಗೆ ಹೋಗಲಿಲ್ಲ, ಕುಂಟುತ್ತ ನೇರ ದಂಡೆಗೆ ಬಂದ. ಉಬ್ಬರದ ಹೊತ್ತು. ನೀರಿಗಿಳಿದು ಅಕ್ಕನ ಎದುರು ನಿಂತ. ಅವಳು ಅವನ ಕಾಲು ನೋಡಿದಳು, ಮುಖ ನೋಡಿದಳು. "ಕಾಲು ಸರಿ ಇದ್ದಿದ್ರೆ ಬರ್ತಿದ್ಯನೋ ತಮಾ?" ಎಂದಳು. ಅವನು ಎರಡೂ ಕೈ ಚಾಚಿದ. ಹಲಗೆ ತೆಗೆದುಕೊಂಡ. ಶಿವಮ್ಮ ಒದ್ದೆ ಸೀರೆಯಲ್ಲೇ ದೋಣಿಗೆ ಹೋಗಿ ಕುಳಿತಳು. ಎಷ್ಟೋ ಮಳೆಗಾಲಗಳ ಮೇಲೆ ತುಂಬಿದ ಹೊಳೆಯನ್ನು ದಾಟಿದಳು, ದೀಪಾವಳಿಯವರೆಗೂ ಮಗಳ ಮನೆಯಲ್ಲೇ ಉಳಿದಳು.

ಹಮ್ಮಣ್ಣ ಆಮೇಲೆ ಹತ್ತೊಂಬತ್ತು ಮಳೆಗಾಲ ಜಂತ್ರಡಿ ನೋಡಿಕೊಂಡ. ಪಂಚಾಯ್ತಿಯ ಮುಖಂಡನಾದ. ಸೇತುವೆಗಾಗಿ ಅರ್ಜಿ ಬರೆದವನು ಅವನೇ, ಮಳೆಗಾಲದಲ್ಲಿ ಸಹಿ ಹಾಕಿಸಿಕೊಳ್ಳಲು ತಾಲೂಕು ಕಚೇರಿಗೆ ಬೇರೆಯವರನ್ನು ಕಳಿಸಬೇಕಾಗುತ್ತಿತ್ತು. ಸನ್ಮಾನಗಳನ್ನು ಜನ ದಂಡೆಯ ಮೇಲೆಯೇ ಮಾಡಿದರು. ಹಾರ ಹಾಕುವಾಗ ಮುಂದೆ ಬಂದ ಕೈಗಳು ಹಾಕಿದ ಮೇಲೆ ಮತ್ತೆ ಹಿಂದಕ್ಕೆ ಹೋಗುತ್ತಿದ್ದವು. ಅವನ ಕೈಯಿಂದ ಹಲಗೆ ತೆಗೆದುಕೊಳ್ಳಲು ಕೊನೆಯವರೆಗೂ ಯಾರೂ ಬರಲಿಲ್ಲ.

ಇಂದು ಅಲ್ಲಿ ಕಬ್ಬಿಣದ ಬಾಗಿಲಿದೆ, ಎತ್ತಿ ಇಳಿಸಲು ಚಕ್ರವಿದೆ. ಇಲಾಖೆಯ ನೌಕರನೊಬ್ಬ ಆಚೆ ದಡದಿಂದ ಸೈಕಲ್ಲಿನಲ್ಲಿ ಬರುತ್ತಾನೆ. ಚಕ್ರ ತಿರುಗಿಸುತ್ತಾನೆ, ಬೀಡಿ ಹಚ್ಚುತ್ತಾನೆ, ಪಾಳಿ ಮುಗಿದ ಕೂಡಲೇ ಇನ್ನೊಬ್ಬನಿಗೆ ಬೀಗದ ಕೈ ಎಸೆದು ಸೈಕಲ್ ಹತ್ತುತ್ತಾನೆ. ದಂಡೆಯ ಮೇಲೆ ಕುಳಿತ ಕುರ್ವೆಯ ಮುದುಕರು, ಅವನು ಸೇತುವೆ ದಾಟಿ ಕಣ್ಮರೆಯಾಗುವವರೆಗೂ ಅವನನ್ನೇ ನೋಡುತ್ತಿರುತ್ತಾರೆ.