ಮೇಲೇರದ ದನಿ

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಹೇಳಿಕೊಡುತ್ತಿದ್ದ ವಿದ್ಯೆ ಒಂದೇ, ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಹೇಳಿಕೊಡುತ್ತಿದ್ದವರು ಪುಟ್ಟತಾಯಮ್ಮ. ಶಿಷ್ಯರಿಗೆಲ್ಲ ಅವರು ಗುರುಗಳು.

ಸ್ಕೀಮ್‌ನಲ್ಲಿ ಬ್ರಾಕೆಟ್ಟಿನೊಳಗೆ ಬ್ರಾಕೆಟ್, ಅದರೊಳಗೆ ಇನ್ನೊಂದು. ಯಾವುದು ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದು ಹಿಡಿಯುವುದಕ್ಕೆ ಕಣ್ಣು ಚುರುಕಾಗಿರಬೇಕು. ಪುಟ್ಟತಾಯಮ್ಮನವರ ಕಣ್ಣು ಆ ವರ್ಷ ಪೂರ್ತಿ ಹೋಯಿತು.

ಅವರು ಹಿರಿಯ ಶಿಷ್ಯ ತಿಪ್ಪೇಶನನ್ನು ಕರೆದು, ಹೊಸ ತಂಡ ಬರುವ ದಿನದಿಂದ ಪಾಠ ನಿನ್ನದು ಎಂದುಬಿಟ್ಟರು. ತಾವು ಬರೆದದ್ದನ್ನು ಇನ್ನೊಬ್ಬರ ಕೈಲಿ ಓದಿಸಿಕೊಂಡು ಪಾಠ ಮಾಡುವುದು ತಮಗೆ ಒಗ್ಗುವುದಿಲ್ಲ ಎಂದರು.

ಬೇರೆಯವರಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಗುರುಗಳು ಎದ್ದುಹೋದ ಪೀಠದಲ್ಲಿ ಕೂರುವ ಆಸೆ ತಿಪ್ಪೇಶನಿಗೆ ಎಳ್ಳಷ್ಟೂ ಇರಲಿಲ್ಲ.

ಇನ್ನು ಹದಿನೈದು ದಿನ ಇತ್ತು. ಪ್ರೋಗ್ರಾಮ್ ಬರೆಯುವ ಎಡಿಟರ್‌ಗೆ ಒಂದು ಎಕ್ಸ್‌ಟೆನ್ಶನ್ ಕಟ್ಟುತ್ತೇನೆ ಎಂದು ಅವನು ಕೂತ. ಎಡಿಟರ್‌ಗೆ ಅಂಟಿಕೊಂಡ ಆ ಪುಟ್ಟ ಜೋಡಣೆ ಪರದೆಯ ಮೇಲಿದ್ದದ್ದನ್ನು ಗುರುಗಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಆಗ ಅವರು ಯಾರ ಹಂಗೂ ಇಲ್ಲದೆ ಪಾಠ ಮಾಡಬಹುದು.

ನಾಲ್ಕೇ ದಿನಕ್ಕೆ ಅದು ಮಾತಾಡಿತು. ತಿಪ್ಪೇಶ ಊಟದ ಎಲೆಯ ಮುಂದಿನಿಂದ ಎದ್ದು ಓಡಿ, ಗುರುಗಳನ್ನು ಕರೆತಂದು ಕೂರಿಸಿದ.

“ಬ್ರಾಕೆಟ್ ತೆರೆದಿದೆ. ಬ್ರಾಕೆಟ್ ತೆರೆದಿದೆ. ಬ್ರಾಕೆಟ್ ತೆರೆದಿದೆ. ಬ್ರಾಕೆಟ್ ಮುಚ್ಚಿದೆ,” ಎಂದು ಅದು ಶುರುಮಾಡಿತು. ಎರಡು ಸಾಲು ಮುಗಿಯುವುದರೊಳಗೆ ತಲೆ ಚಿಟ್ಟುಹಿಡಿಯಿತು.

ಪುಟ್ಟತಾಯಮ್ಮ ಅವನ ಕೈ ಹಿಡಿದುಕೊಂಡು ಹೊಳೆಯ ಕಡೆ ನಡೆದರು. ಈ ಸಲದ ಉಪ್ಪಿನಕಾಯಿಗೆ ಖಾರ ಸಾಲದು ಎಂದು ಮಾತಾಡುತ್ತಲೇ ಮೆಟ್ಟಿಲು ಇಳಿದರು. ನೀರು ಪಾದಕ್ಕೆ ತಾಕಿದಾಗ ನಿಂತರು.

“ಇಳೀತಾ ಇದೀವಿ ಅಂತ ನಿಂಗೆ ಗೊತ್ತಾಯ್ತಾ?”

“ಗೊತ್ತಾಯ್ತು, ಗುರುಗಳೇ.”

“ನಾನು ಮೆಟ್ಟಿಲು, ಮೆಟ್ಟಿಲು ಅಂದ್ನಾ?”

ತಿಪ್ಪೇಶ ಒದ್ದೆ ಕಾಲಲ್ಲೇ ಮೇಲಕ್ಕೆ ಓಡಿದ. ಗುರುಗಳನ್ನು ನೀರಿನಲ್ಲೇ ಬಿಟ್ಟುಬಂದದ್ದು ನೆನಪಾಗಿ ಅರ್ಧದಿಂದ ವಾಪಸು ಓಡಿದ.

ಹೊಸದಾಗಿ ಕಟ್ಟಿದ ಎಕ್ಸ್‌ಟೆನ್ಶನ್ ಬ್ರಾಕೆಟ್ಟಿನ ಹೆಸರೇ ಎತ್ತಲಿಲ್ಲ. ಬ್ರಾಕೆಟ್ ತೆರೆದಾಗ ಓದುವ ದನಿ ಒಂದು ಸ್ವರ ಇಳಿಯುತ್ತಿತ್ತು, ಮುಚ್ಚಿದಾಗ ಒಂದು ಸ್ವರ ಏರುತ್ತಿತ್ತು. ಗುರುಗಳು ಹತ್ತು ಸಾಲು ಕೇಳಿ, ಹನ್ನೊಂದನೆಯದರಲ್ಲಿ ತಾವೇ ಎಂದೋ ಮಾಡಿದ್ದ ತಪ್ಪೊಂದನ್ನು ಹಿಡಿದುಬಿಟ್ಟರು. ಅವರ ಮುಖ ಅರಳಿದ್ದನ್ನು ನೋಡಿ ತಿಪ್ಪೇಶನಿಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಆ ಖುಷಿ ಹೆಚ್ಚು ದಿನ ಬಾಳಲಿಲ್ಲ.

ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪ್ರೋಗ್ರಾಮ್ ಒಂದಿತ್ತು. ಒಂದು ಸಾಲಿನಲ್ಲಿ ಎಷ್ಟು ಬ್ರಾಕೆಟ್ ತೆರೆದಿವೆ ಎಂದು ಎಣಿಸುವಂಥದ್ದು, ಗುರುಗಳೇ ಬರೆದದ್ದು. ಅದನ್ನು ಓದಲು ಹೊರಟ ದನಿ ಪೂರ್ತಿ ಮೇಲೆ ಬರಲೇ ಇಲ್ಲ, ಕೊನೆಗೆ ಒಂದು ಸ್ವರ ಕೆಳಗೇ ನಿಂತಿತು. ಎರಡನೆಯ ಸಲ ಓದಿಸಿದರೆ ನಿಂತ ಸ್ವರದಿಂದಲೇ ಹೊರಟು ಇನ್ನೂ ಕೆಳಗೆ. ಹತ್ತನೆಯ ಸಲಕ್ಕೆ ಗಂಟಲು ಕಟ್ಟಿದ ಎಮ್ಮೆ ಮಾತಾಡಿದಂತಾಯಿತು.

ಇದನ್ನು ನಂಬಿಕೊಂಡು ಹೊಸಬರ ಮುಂದೆ ಕೂರುವುದು ಆಗದ ಮಾತು ಎಂದರು ಪುಟ್ಟತಾಯಮ್ಮ. ಪಾಠ ಮತ್ತೆ ತಿಪ್ಪೇಶನ ತಲೆಗೇ ಬಂತು.

ಮೂರು ದಿನ ಅವನು ಬಿಡದೆ ತಪ್ಪು ಹುಡುಕಿದ. ದನಿ ಹೊರಡಿಸುವ ಭಾಗವನ್ನು ಬಿಚ್ಚಿ ಮತ್ತೆ ಕೂರಿಸಿದ. ಒಂದೊಂದು ಹೆಜ್ಜೆಗೂ ಎಕ್ಸ್‌ಟೆನ್ಶನ್ ಏನು ಮಾಡುತ್ತಿದೆ ಎಂದು ಪರದೆಯ ಮೇಲೆ ಬರೆಸಿದ. ಅದೇ ಆರು ನೂರು ಸಾಲಾಗಿ, ಓದಿ ಓದಿ ಕಣ್ಣು ಕೆಂಪಾಯಿತು. ಜೊತೆಯ ಶಿಷ್ಯ ನಿರ್ವಾಣಪ್ಪ ಬಂದು, ಪೀಠ ತಾನಾಗಿ ಒಲಿದು ಬರುತ್ತಿರುವಾಗ ಯಾಕಪ್ಪಾ ಒದ್ದಾಡುತ್ತೀಯ ಎಂದು ಕಾಲೆಳೆದ.

ನಾಳೆ ಹೊಸಬರು ಬರುತ್ತಾರೆ ಎನ್ನುವ ದಿನ ಬೆಳಿಗ್ಗೆ ಅವನು ಗುರುಗಳ ಮುಂದೆ ಹೋಗಿ ನಿಂತ.

“ನನ್ನ ಕೈಲಿ ಆಗ್ತಿಲ್ಲ, ಗುರುಗಳೇ. ನೂರು ಸಲ ನೋಡಿದೆ.”

“ಕಿವಿಗೊಟ್ಟಿದ್ದು ಎಷ್ಟು ಸಲ?”

ಪಕ್ಕದವರಿಗೆ ಕಿರಿಕಿರಿಯಾಗದಿರಲಿ ಎಂದು ಹುಡುಕಾಟದ ಮೊದಲ ದಿನವೇ ತಿಪ್ಪೇಶ ಸ್ಪೀಕರ್ ಆರಿಸಿಬಿಟ್ಟಿದ್ದ. ಮಾತಾಡುವುದಕ್ಕೆಂದೇ ಕಟ್ಟಿದ್ದರ ಬಾಯಿ ಮುಚ್ಚಿಸಿ, ಮೂರು ದಿನ ಅದರ ಮುಖ ನೋಡುತ್ತಾ ಕೂತಿದ್ದ ಪುಣ್ಯಾತ್ಮ.

ಪುಟ್ಟತಾಯಮ್ಮ ಎದ್ದು, ತಡವುತ್ತಾ ಕಂಪ್ಯೂಟರಿನ ಹತ್ತಿರ ಹೋದರು. ಹೊದ್ದಿದ್ದ ಶಾಲು ತೆಗೆದು ಪರದೆಯ ಮೇಲೆ ಇಳಿಬಿಟ್ಟರು. ಓದಿಸು ಎಂದರು.

ದನಿ ಹೊರಟಿತು. ಇಳಿಯಿತು, ಇಳಿಯಿತು, ಏರಿತು, ಮತ್ತೆ ಇಳಿಯಿತು. ಒಂದು ಕಡೆ ಮಾತೇ ಇಲ್ಲದೆ, ಮೆಟ್ಟಿಲು ತಪ್ಪಿದವನ ಹಾಗೆ ಸುಮ್ಮನೆ ಜಾರಿತು.

ತಿಪ್ಪೇಶನ ಬೆನ್ನು ನೆಟ್ಟಗಾಯಿತು. ಮತ್ತೆ ಓದಿಸಿದ. ಮತ್ತೆ ಅದೇ ಜಾಗದಲ್ಲಿ ಜಾರಿತು.

“ಅಲ್ಲಿ ನಾನು ಬ್ರಾಕೆಟ್ ತೆರೆದೇ ಇಲ್ಲ,” ಎಂದರು ಗುರುಗಳು. “ಈ ಅಕ್ಷರ ಬ್ರಾಕೆಟ್ಟೇನು ಅಂತ ಬರೀ ವಿಚಾರಿಸಿದೀನಿ.”

ಅವನಿಗೆ ಹೊಳೆದುಬಿಟ್ಟಿತು. ಸ್ಕೀಮ್‌ನಲ್ಲಿ ಮುಂದೆ ಹ್ಯಾಶ್ ಗುರುತು ಮತ್ತು ಓರೆಗೆರೆ ಹಾಕಿ ಬರೆದ ಬ್ರಾಕೆಟ್ ಬರಿಯ ಒಂದು ಅಕ್ಷರ, ಅದು ಏನನ್ನೂ ತೆರೆಯುವುದಿಲ್ಲ. ಅವನ ಎಕ್ಸ್‌ಟೆನ್ಶನ್ ಅದನ್ನೂ ತೆರೆದ ಬಾಗಿಲೆಂದು ತಿಳಿದು ಒಂದು ಸ್ವರ ಒಳಗಿಳಿಯುತ್ತಿತ್ತು. ಆ ಬಾಗಿಲನ್ನು ಮುಚ್ಚುವ ಬ್ರಾಕೆಟ್ ಎಲ್ಲೂ ಇರಲಿಲ್ಲ.

ಶಾಲು ಸರಿಸಿ ಎರಡು ಸಾಲು ತಿದ್ದುವಷ್ಟರಲ್ಲಿ ಅವನ ಬೆರಳು ನಾಲ್ಕು ಸಲ ತಪ್ಪಿತು. ಆಮೇಲೆ ತಾನೇ ಶಾಲನ್ನು ಮತ್ತೆ ಹೊದಿಸಿ ಓದಿಸಿದ.

ಕೊನೆಯ ಬ್ರಾಕೆಟ್ ಮುಚ್ಚಿದಾಗ ದನಿ ಹೊರಟ ಸ್ವರಕ್ಕೇ ಬಂದು ನಿಂತಿತು. ಹತ್ತು ಸಲ ಓದಿಸಿದರೂ ಅಲ್ಲಿಗೇ ಬಂದು ನಿಂತಿತು. ತಿಪ್ಪೇಶನಿಗೆ ಸಂತೋಷ ತಡೆಯಲಾರದೆ ಅಳು ಬಂತು. ಪುಟ್ಟತಾಯಮ್ಮ ಕೊನೆಯ ಸಲ ಆ ದನಿಯ ಜೊತೆಗೆ ತಾವೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು.

“ಗುರುಗಳೇ,” ಎಂದ ತಿಪ್ಪೇಶ, ಕಣ್ಣೊರೆಸಿಕೊಂಡು. “ನಾಳೆ ಪಾಠ ಯಾರು ಮಾಡೋದು?”

“ನಾನು. ನೀನು ಹೊಸಬರ ಜೊತೆ ಕೂತ್ಕೋ.”