ರೇಡಿಯೇಟರಿಗೆ ಹೊದಿಸಿದ ಶಾಲು

ಹಿಮ ಬೀಳುವ ದೂರದ ನಗರ. ಭಕ್ತರೊಬ್ಬರು ಬಿಟ್ಟುಕೊಟ್ಟ ಅಪಾರ್ಟ್‌ಮೆಂಟಿನಲ್ಲಿ ಕರಿಬಸವಜ್ಜ ಎರಡನೇ ಚಳಿಗಾಲ ಕಳೆಯುತ್ತಿದ್ದರು. ಜೊತೆಗೆ ಶಿಷ್ಯ ಮೌನೇಶ. ಮೌನ ಅವನ ಹೆಸರಿನಲ್ಲಷ್ಟೇ ಇತ್ತು.

ಹಿಂದಿನ ದಿನ ಅವನು ಮೊದಲ ಸಲ ಪ್ರವಚನ ಮಾಡಿದ್ದ. ಜನ ತಲೆದೂಗಿ, ಶಾಲು ಹೊದಿಸಿ ಸನ್ಮಾನಿಸಿದ್ದರು. ಬೆಳಗಾದರೂ ಶಾಲು ಹೆಗಲಿನಿಂದ ಇಳಿದಿರಲಿಲ್ಲ.

ಅಜ್ಜ ಮಾತ್ರ ಕಂಬಳಿಯೊಳಗೆ ನಡುಗುತ್ತಿದ್ದರು. ಅವರ ಕೆಮ್ಮು ಕೇಳಿ ಮೌನೇಶ ಹತ್ತಿರ ಓಡಿ ಬಂದ. ಅವರನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ.

"ಅಜ್ಜಾರ, ಈ ಶಾಲು ಹೊದ್ಕೋರಿ."

"ಅದು ನಿನಗ ಬಂದದ್ದಪ್ಪ. ಆ ರೇಡಿಯೇಟರ್ ಯಾಕ ತಣ್ಣಗೈತಿ, ನೋಡು."

ಗೋಡೆಗಂಟಿದ ಆ ಕಬ್ಬಿಣದೊಳಗೆ ಬಿಸಿನೀರು ಹರಿದರೆ ಮಾತ್ರ ಕೋಣೆ ಬೆಚ್ಚಗಾಗುತ್ತಿತ್ತು. ಮೌನೇಶ ಮುಟ್ಟಿ ನೋಡಿದ. ಬುಡ ಬಿಸಿ, ಮೇಲೆಲ್ಲ ತಣ್ಣಗೆ. ಸಂದುಗಳಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು.

ಅವನು ಬ್ರಷ್ಷಿನಿಂದ ಧೂಳು ತೆಗೆದ. ಒದ್ದೆ ಬಟ್ಟೆಯಿಂದ ಒರೆಸಿದ. ಕಬ್ಬಿಣ ಹೊಳೆಯಿತು, ಬಿಸಿಯಾಗಲಿಲ್ಲ.

"ನೀರು ಮ್ಯಾಲ ಬರವಲ್ದರಿ."

"ಒಳಗ ಗಾಳಿ ತುಂಬೈತಿ. ನೀರಿಗೆಲ್ಲಿ ಜಾಗ? ಮ್ಯಾಲಿನ ತಿರುಪು ಸಡ್ಲ ಮಾಡು."

ಮೌನೇಶ ಬಟ್ಟಲು ಹಿಡಿದು ತಿರುಪು ಸಡಿಲಿಸಿದ. ಬುಸ್ಸೆಂದು ಗಾಳಿ ಹೊರಟಿತು. ಕೊನೆಗೆ ಹನಿ ನೀರು ಬಂತು. ತಿರುಪು ಬಿಗಿದು ಅಂಗೈ ಇಟ್ಟ. ಬಿಸಿ ಒಂದೊಂದೇ ಬೆರಳಿಗೆ ಏರತೊಡಗಿತು.

"ಎಲ್ಲಿಂದ ಬರ್ತೈತ್ರಿ ಇದು?"

"ಕೆಳಗ, ನೆಲಮಾಳಿಗ್ಯಾಗ ಬೆಂಕಿ ಮ್ಯಾಲ ನೀರು ಕಾಸೋ ಬಾಯ್ಲರ್ ಐತಿ. ಎಲ್ಲಾರ ಮನೀಗೂ ಅದ ನೀರು."

ಮೌನೇಶ ಬೆರಗಾಗಿ ನಿಂತ. ಅವನು ಆ ಬೆಂಕಿಯನ್ನು ಕಂಡಿರಲಿಲ್ಲ. ಅದು ಇವರ ಹೆಸರು ಕೇಳಿರಲಿಲ್ಲ. ಆದರೂ ಇಷ್ಟೆಲ್ಲ ಗೋಡೆ ಹತ್ತಿ, ಯಾರ್‍ಯಾರದೋ ಮನೆ ಹಾದು, ತನ್ನ ಅಜ್ಜನನ್ನು ಬೆಚ್ಚಗಿಡಲು ಬಂದಿತ್ತು! ಅವನ ಕಣ್ಣು ತುಂಬಿತು.

ಅಜ್ಜ ಆಗಲೇ ನಿದ್ದೆಹೋಗಿದ್ದರು. ಮೌನೇಶ ರೇಡಿಯೇಟರಿಗೆ ಕೈ ಮುಗಿದ. ಅಷ್ಟು ಸಾಲದೆನಿಸಿ, ಹೆಗಲ ಮೇಲಿನ ಶಾಲನ್ನು ತೆಗೆದು ಅದಕ್ಕೆ ಭಕ್ತಿಯಿಂದ ಹೊದಿಸಿದ. ಆಮೇಲೆ ಕೆಮ್ಮಿನ ಔಷಧಿ ತರಲು ಹೊರಟ.

ಹಿಮದಲ್ಲಿ ದಾರಿ ಬೇಗ ಸಾಗದೆ, ಔಷಧಿ ಹಿಡಿದು ಮರಳಿದಾಗ ಸಂಜೆಯಾಗಿತ್ತು. ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ಅಜ್ಜನ ಹಲ್ಲು ಕಟಕಟ ಎನ್ನುತ್ತಿದ್ದವು.

ಮೌನೇಶ ಗಾಬರಿಯಿಂದ ಓಡಿ ಶಾಲಿನಡಿಗೆ ಕೈ ಹಾಕಿದ. ಕೈ ಚುರ್ರೆಂದಿತು.

"ಅಜ್ಜಾರ, ಒಳಗ ಕೆಂಡದಂಗ ಸುಡ್ತೈತಿ, ಹೊರಗ ಥಂಡಿ! ಮತ್ತ ಕೆಟ್ಟೈತೇನ್ರಿ?"

ಅಜ್ಜ ರೇಡಿಯೇಟರನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು. ನಗುವೂ ಕೆಮ್ಮೂ ಒಟ್ಟಿಗೇ ಬಂದವು.

"ಕೆಟ್ಟಿಲ್ಲೋ, ಸನ್ಮಾನ ಆಗೈತಿ. ಶಾಲು ತಗಿ. ಪಾಪ, ತನ್ನ ಕೆಲಸ ಮಾಡ್ಲಿ."