ಕರಿಮಡು ಹಿಟ್ಟಿನಮಡು ಆದ ಬಗೆ

ಬಿದರಕೊಳ್ಳದಲ್ಲಿ ಬಸ್ಸಿನಿಂದ ಇಳಿದು, ಜೋಳದ ಹೊಲಗಳ ನಡುವಿನ ಬಂಡಿದಾರಿ ಹಿಡಿದು ಪಡುವಣಕ್ಕೆ ನಡೆದರೆ ಕೆಂಪು ಬಂಡೆಗಳ ಗುಡ್ಡಸಾಲು ಎದುರಾಗುತ್ತದೆ. ಆ ಸಾಲು ಒಂದು ಕಡೆ ಸೀಳಿಕೊಂಡಿದೆ. ಆ ಸೀಳಿನಲ್ಲಿ ನಮ್ಮ ಹಳ್ಳ ಎರಡು ನೆಗೆತದಲ್ಲಿ ಕೆಳಗಿಳಿಯುತ್ತದೆ. ಹೀಗೆ ನೀರು ಬೀಳುವ ಜಾಗಕ್ಕೆ ನಮ್ಮ ಕಡೆ ತಡಸಲು ಎನ್ನುತ್ತಾರೆ. ಮೊದಲ ನೆಗೆತ ಮುಗಿಯುವಲ್ಲಿ ಅಂಗಳದಷ್ಟು ಅಗಲದ ಒಂದು ಬಂಡೆಹಾಸು ಇದೆ. ಅದರ ಅಂಚಿನಲ್ಲಿ ಮಾಳಿಗೆ ಕುಸಿದ ಕಲ್ಲುಮನೆಯೊಂದು ನಿಂತಿದೆ. ಮನೆಯೊಳಗೆ ಬಂಡಿಗಾಲಿಯಷ್ಟು ದೊಡ್ಡ ಬೀಸುವ ಕಲ್ಲು, ನೆಲದಡಿಯಲ್ಲಿ ಮರದ ಚಕ್ರ ತಿರುಗುತ್ತಿದ್ದ ಗುಂಡಿ, ಆ ಗುಂಡಿಗೆ ಹಳ್ಳದ ನೀರು ತರಲು ಬಂಡೆಯಲ್ಲೇ ಕಡಿದ ಕಾಲುವೆ, ಇವೆಲ್ಲ ಈಗಲೂ ಹಾಗೆಯೇ ಇವೆ. ಮಳೆಗಾಲ ಕಳೆದ ಮೇಲೆ ರಜೆಯ ದಿನಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಚಾರಣಿಗರು ಗುಂಪುಗುಂಪಾಗಿ ಬಂದು, ಆ ಕಾಲುವೆಯ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಎರಡನೆಯ ನೆಗೆತದ ಬುಡದಲ್ಲಿ ಆಳವಾದ ಮಡುವಿದೆ. ಅದರ ನೀರು ನಡುಮಧ್ಯಾಹ್ನದಲ್ಲೂ ಕಪ್ಪಗೆ ಕಾಣುತ್ತದೆ. ಆದರೂ ಅದರ ಹೆಸರು ಹಿಟ್ಟಿನಮಡು. ತಡಸಲಿನ ನೊರೆ ಹಿಟ್ಟಿನಂತೆ ಬೆಳ್ಳಗಿರುವುದರಿಂದ ಆ ಹೆಸರು ಬಂದಿರಬೇಕೆಂದು ಬಂದವರು ತಾವೇ ಅರ್ಥ ಹಚ್ಚಿಕೊಂಡು ಹೋಗುತ್ತಾರೆ. ನೊರೆ ಎಲ್ಲ ತಡಸಲುಗಳಲ್ಲೂ ಇರುತ್ತದೆ. ನಮ್ಮ ಹಿರಿಯರು ಹೇಳುತ್ತ ಬಂದ ಕಾರಣ ಬೇರೆ.

ಹಿಂದೆ ಒಮ್ಮೆ, ದೇಸಾಯರ ಆಳ್ವಿಕೆ ನಡೆಯುತ್ತಿದ್ದ ಕಾಲದಲ್ಲಿ, ಇದನ್ನು ಕರಿಮಡು ಎಂದೇ ಕರೆಯುತ್ತಿದ್ದರಂತೆ. ಆಗ ಈ ನೀರಕಲ್ಲನ್ನು, ಎಂದರೆ ಹಳ್ಳದ ನೀರಿನಿಂದ ತಿರುಗುವ ಬೀಸುವ ಕಲ್ಲನ್ನು, ನಡೆಸುತ್ತಿದ್ದವಳು ಲಗಮವ್ವ ಎಂಬ ಹೆಂಗಸು. ಮಾವನಿಂದ ಗಂಡನಿಗೆ, ಗಂಡ ತೀರಿಕೊಂಡ ಮೇಲೆ ಅವಳಿಗೆ ಬಂದ ಕಸುಬು ಅದು. ಮಾತು ಕಡಿಮೆ, ಅಳತೆ ನಿಚ್ಚಳ. ಯಾರ ಕಾಳು ಯಾವ ಚೀಲದಲ್ಲಿ ಬಂತೋ ಆ ಚೀಲದಲ್ಲೇ ಅವರ ಹಿಟ್ಟು ಹೋಗಬೇಕು. ಒಬ್ಬರ ಹಿಡಿ ಹಿಟ್ಟು ಇನ್ನೊಬ್ಬರದರಲ್ಲಿ ಬೆರೆಯಬಾರದೆಂದು ಪ್ರತಿ ಸಲ ಕಲ್ಲನ್ನು ಗುಡಿಸಿ ಒರೆಸುತ್ತಿದ್ದಳು. ಹಾಗಾಗಿ ಸುತ್ತಿನ ಹಳ್ಳಿಗಳವರು ಚೀಲ ಇಳಿಸಿ ನಿಶ್ಚಿಂತೆಯಿಂದ ಹೊರಟುಹೋಗುತ್ತಿದ್ದರು.

ಒಂದು ವರ್ಷ ದಸರೆ ಕಳೆದು ಮುಂಗಾರಿ ಜೋಳ ಮನೆ ಸೇರಿದ ಸಮಯದಲ್ಲಿ, ಬಡಗಣ ಸೀಮೆಯನ್ನು ಸೂರೆ ಮಾಡಿದ ದಂಡೊಂದು ಇತ್ತ ತಿರುಗಿದೆ ಎಂಬ ಸುದ್ದಿ ಬಂತು. ದೇಸಾಯರು ಹಳ್ಳಿಗಳವರನ್ನೆಲ್ಲ ಮಕ್ಕಳುಮರಿ, ದನಕರುಗಳೊಂದಿಗೆ ತಮ್ಮ ಕೆಂಪುಗಡಕ್ಕೆ ಕರೆಸಿಕೊಂಡರು. ತಡಸಲಿನ ನೆತ್ತಿಯ ಮೇಲೆ ಇಂದಿಗೂ ಕಾಣುವ ಮುರುಕು ಕೋಟೆಯೇ ಆ ಗಡ. ದಂಡು ಮುತ್ತಿಗೆ ಹಾಕಿದರೆ ಅಷ್ಟು ಜನಕ್ಕೆ ಉಣ್ಣಲು ಬೇಕು. ಆದ್ದರಿಂದ ಹಳ್ಳಿಗಳ ಜೋಳವೆಲ್ಲ ನೀರಕಲ್ಲಿಗೆ ಬಂತು. ಲಗಮವ್ವ ಹಗಲಿರುಳೆನ್ನದೆ ಬೀಸಿದಳು. ಹಿಟ್ಟಿನ ಚೀಲಗಳು ಗೋಡೆಯುದ್ದಕ್ಕೂ ಎದೆಮಟ್ಟ ಎದ್ದು ನಿಂತವು. ಮರುದಿನ ಬೆಳಗ್ಗೆ ಗಡದಿಂದ ಎತ್ತುಗಳು ಬಂದು ಹೇರಿಕೊಂಡು ಹೋಗುವುದೆಂದು ಮಾತಾಗಿತ್ತು. ಆ ಮಧ್ಯಾಹ್ನ ಕಲ್ಲುಮನೆಯಲ್ಲಿ ಉಳಿದಿದ್ದವರು ಲಗಮವ್ವ ಮತ್ತು ಸತ್ತೆವ್ವ ಎಂಬ ಮುದುಕಿ ಇಬ್ಬರೇ. ಸತ್ತೆವ್ವನಿಗೆ ಹೊಲವಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಪರರ ಹೊಲಗಳಲ್ಲಿ ಬಿದ್ದ ತೆನೆ ಆಯ್ದು ಒಂದೇ ಒಂದು ಚೀಲ ಜೋಳ ಕೂಡಿಸಿದ್ದಳು. ಅವಳ ಮಗ ಈರಭದ್ರ ಊರ ದನಗಳೊಂದಿಗೆ ಗಡಕ್ಕೆ ಹೋಗಿದ್ದ. ತನ್ನ ಸರದಿ ಕೊನೆಗೆ ಬಂದದ್ದರಿಂದ ಅವಳು ಹಿಂದೆ ಉಳಿದಿದ್ದಳು.

ಅವಳ ಚೀಲ ಬೀಸಿ ಮುಗಿಯುವ ಹೊತ್ತಿಗೆ ಮಾಳಿಂಗನೆಂಬ ಕುರಿಗಾಹಿ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ. ದಂಡು ಆಗಲೇ ಕಣಿವೆ ಹೊಕ್ಕಿತ್ತು. ಕುದುರೆಗಳ ಧೂಳನ್ನು ಅವನು ಗುಡ್ಡದ ಮೇಲಿಂದ ಕಂಡಿದ್ದ. ಎತ್ತುಗಳಿಗೆ ಹೇಳಿಕಳಿಸಲು ಹೊತ್ತಿರಲಿಲ್ಲ. ಅಷ್ಟು ಚೀಲಗಳನ್ನು ಮೂವರು ಹೊತ್ತು ಆ ಕಡಿದಾದ ದಾರಿ ಹತ್ತುವುದು ಆಗದ ಮಾತು. ಲಗಮವ್ವ ಗೋಡೆಯ ಕಡೆ ನೋಡುತ್ತ ನಿಂತಳು. ದಂಡಿನವರ ಕೈಗೆ ಈ ಹಿಟ್ಟು ಸಿಕ್ಕರೆ ಅವರು ಇಲ್ಲೇ ಡೇರೆ ಹೊಡೆಯುತ್ತಾರೆ. ಗಡದವರು ಹಸಿದು ಬಾಗಿಲು ತೆರೆಯುವವರೆಗೆ ಅವರದೇ ರೊಟ್ಟಿ ತಿನ್ನುತ್ತ ಕಾಯುತ್ತಾರೆ. ಸಿಗದಿದ್ದರೆ ಅಷ್ಟೊಂದು ಕುದುರೆ, ಅಷ್ಟೊಂದು ಹೊಟ್ಟೆ ಕಟ್ಟಿಕೊಂಡು ಈ ಬೋಳು ಬಂಡೆಗಳ ನಡುವೆ ಹೆಚ್ಚು ದಿನ ನಿಲ್ಲಲಾರರು. ಇದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಉಳಿದಿಬ್ಬರಿಗೂ ತಿಳಿದಿತ್ತು.

"ನೀರಿಗೆ ಬಿಡೂದೊಂದಽ ದಾರಿ," ಎಂದಳು ಲಗಮವ್ವ. "ಆದ್ರ ಇದು ನಂದಲ್ಲ. ನನ್ನ ನಂಬಿ ಇಟ್ಟು ಹೋಗ್ಯಾರ. ಯಾರನ್ನ ಕೇಳಲಿ?"

ಮಾಳಿಂಗ ತಾನು ಒಂದು ಚೀಲವನ್ನಾದರೂ ಗಡಕ್ಕೆ ಹೊರಬಲ್ಲೆನೆಂದು ಹೇಳಿ, ಮುದುಕಿಯ ಚೀಲಕ್ಕೆ ಕೈ ಹಾಕಿದ. ಸತ್ತೆವ್ವ ಅವನ ಕೈ ತೆಗೆದಳು. "ಅದನ್ನ ಬಿಡಪ್ಪ. ಅಲ್ಲಿ ಕೆಂಪು ಹಗ್ಗ ಕಟ್ಟಿದ್ದು ನೋಡು, ಅದು ಕೂಸು ಇರೂ ಮನಿದು. ಅದನ್ನ ಹೊರು," ಎಂದಳು. ಅವನು ಆ ಚೀಲ ಹೆಗಲಿಗೇರಿಸಿಕೊಂಡು ಹೊರಟ ಮೇಲೆ, ಮುದುಕಿ ತನ್ನ ಚೀಲದ ಬಾಯಿ ಬಿಚ್ಚಿದಳು. ಹಿಟ್ಟು ಇನ್ನೂ ಬೆಚ್ಚಗಿತ್ತು. "ಯಾರನ್ನ ಕೇಳಲಿ ಅಂದೆಲ್ಲ ಲಗಮವ್ವ, ನನ್ನ ಕೇಳು. ಮೊದಲು ನಂದು ಹೋಗಲಿ," ಎಂದು ಕಾಲುವೆಯ ದಂಡೆಗೆ ಎಳೆದು ತಂದು, ತನ್ನ ಕೈಯಾರೆ ಸುರಿದಳಂತೆ.

ದಂಡು ಕೆಳಗೆ ಕರಿಮಡುವಿಗೆ ಬಂದಿತ್ತು. ಸವಾರರು ಕುದುರೆಗಳನ್ನು ನೀರಿಗೆ ಬಿಟ್ಟು, ತಾವೂ ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದರು. ನೋಡನೋಡುತ್ತಿದ್ದಂತೆ ಮೇಲಿಂದ ಬೀಳುವ ಧಾರೆ ಬೆಳ್ಳಗಾಯಿತು. ಹಾಲಿನಂತೆ ಬೆಳ್ಳಗಾದ ನೀರು ಮಡುವಿನ ಕಪ್ಪಿನಲ್ಲಿ ಇಳಿದು ಹರಡುತ್ತ ಬಂತು. ಇದು ಯಾವುದೋ ದೇವರ ಮುನಿಸೆಂದು ಹೆದರಿ ಕೆಲವರು ಹಿಂದೆ ಸರಿದರು. ಒಬ್ಬ ಮಾತ್ರ ಅಂಗೈ ನೆಕ್ಕಿ ನೋಡಿ, ಜೋಳದ ಹಿಟ್ಟೆಂದು ಹೇಳಿದ. ಅದೇ ಹೊತ್ತಿಗೆ ಗಡದ ಮೇಲೂ ಜನ ಕೋಟೆಗೋಡೆಗೆ ಬಂದು ನಿಂತಿದ್ದರು. ಬೆಳ್ಳಗೆ ಬೀಳುತ್ತಿರುವುದು ತಮ್ಮ ಅನ್ನವೆಂದು ಅವರಿಗೆ ಅರಿವಾಗಲು ತಡವಾಗಲಿಲ್ಲ. ಬೆಳುಪು ತೀರುವವರೆಗೆ ಎಲ್ಲರೂ ನೋಡುತ್ತ ನಿಂತಿದ್ದರು ಎನ್ನುತ್ತಾರೆ.

ದಂಡಿನ ಸರದಾರ ಬಂಡೆಹಾಸಿಗೆ ಹತ್ತಿ ಬರುವಷ್ಟರಲ್ಲಿ ಗೋಡೆ ಬರಿದಾಗಿತ್ತು. ಇಬ್ಬರು ಹೆಂಗಸರು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಕಾಲುವೆಯ ಪಕ್ಕ ಕುಳಿತಿದ್ದರು. ಅವನಿಗೆ ನಮ್ಮ ಮಾತು ಬರುತ್ತಿತ್ತು. ಆ ಹಿಟ್ಟು ಯಾರದೆಂದು ಕೇಳಿದ. ಊರವರದೆಂದಳು ಲಗಮವ್ವ. "ಊರವರದನ್ನ ಚೆಲ್ಲಾಕ ನೀ ಯಾರು?" ಎಂದ. ಮುದುಕಿ ತಲೆಯೆತ್ತಿ, "ನಾನೂ ಊರಾಕೀನಽ. ಮೊದಲ ಚೀಲ ನಂದು," ಎಂದಳು. ಸರದಾರನೂ ಹಸಿದಿದ್ದ. ಅವರ ಮೇಲೆ ಕೈ ಎತ್ತಲಿಲ್ಲ. ತನ್ನವರನ್ನು ಕರೆದು, ಬೀಸುವ ಕಲ್ಲಿನ ಮೇಲಿನ ಹೋಳನ್ನು ಸುತ್ತಿಗೆಯಿಂದ ಎರಡಾಗಿ ಒಡೆಸಿದ. ಕಣಿವೆಯ ತುಂಬ ಆ ಪೆಟ್ಟು ಕೇಳಿಸಿತು. ದಂಡಿನವರು ಮಡುವಿನ ಅಂಚಿನಲ್ಲಿ ಮೆತ್ತಿದ್ದ ಹಿಟ್ಟನ್ನು ಬಾಚಿ ಬೇಯಿಸಿ ತಿಂದರು. ಕೆಲದಿನ ಗಡದ ಸುತ್ತ ಸುಳಿದಾಡಿ, ಕುದುರೆಗಳು ಸೊರಗತೊಡಗಿದ ಮೇಲೆ ಬಂದ ದಾರಿಯಲ್ಲೇ ಹಿಂತಿರುಗಿದರು.

ಗಡ ಉಳಿಯಿತು. ಹಸಿವು ಹೋಗಲಿಲ್ಲ. ಹಿಂಗಾರಿ ಜೋಳ ಕೈಗೆ ಬರಲು ಮಾಘಮಾಸ ಬರಬೇಕಾಗಿತ್ತು. ಅಲ್ಲಿಯವರೆಗೆ ಜನ ಹುಣಸೆಬೀಜ ಹುರಿದು ತಿಂದರು, ಗಡ್ಡೆ ಅಗೆದರು, ಕಾಡುಸೊಪ್ಪು ಬೇಯಿಸಿದರು. ಆ ತಿಂಗಳುಗಳಲ್ಲಿ ಕೆಲವು ಮುದುಕರೂ ಕೆಲವು ಮಕ್ಕಳೂ ತೀರಿಕೊಂಡರು. ಸತ್ತೆವ್ವನೂ ತೀರಿಕೊಂಡಳು. ತನ್ನ ಪಾಲಿಗೆ ಬಂದುದನ್ನು ಅವಳು ಪಕ್ಕದ ಮನೆಯ ಮಕ್ಕಳಿಗೆ ದಾಟಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ಕಲ್ಲು ಒಡೆದಾಗ ಅಳದ ಲಗಮವ್ವ ಮುದುಕಿಯ ಮಣ್ಣಿಗೆ ಹೋಗಿ ಬಂದು ಅತ್ತಳು. ಆಮೇಲೆ ಗಡ ಹತ್ತಿ, ದೇಸಾಯರು ಜನರನ್ನು ಕೂಡಿಸಿದ್ದ ಕಟ್ಟೆಯ ಮುಂದೆ ನಿಂತಳು.

"ಧಣೇರ, ಎಲ್ಲಾರ ಕಾಳು ನನ್ನ ಕೈಯಾಗಿತ್ತು. ಕೇಳದಽ ಚೆಲ್ಲೀನಿ. ಮನಿಮನ್ಯಾಗ ಸಾವು ಆಗ್ಯಾವ. ಮಂದಿ ಏನು ಹೇಳ್ತಾರ, ಅದಕ್ಕ ನಾ ಬದ್ಧ ಅದೀನಿ," ಎಂದಳು.

ದೇಸಾಯರು ಜನರತ್ತ ತಿರುಗಿದರು. ಕಟ್ಟೆಯ ಸುತ್ತ ಕೂಸು ಕಳೆದುಕೊಂಡ ತಾಯಂದಿರಿದ್ದರು. ಅವರು ಅವಳ ಮುಖ ನೋಡುತ್ತಿರಲಿಲ್ಲ. ಸತ್ತೆವ್ವನ ಮಗ ಈರಭದ್ರ ಎದ್ದು ನಿಂತ. ಮೂಳೆ ಕಾಣುವಷ್ಟು ಇಳಿದುಹೋಗಿದ್ದ. "ಲಗಮವ್ವ ತಪ್ಪು ಮಾಡ್ಯಾಳ ಅಂದ್ರ ನಮ್ಮವ್ವನೂ ತಪ್ಪು ಮಾಡಿಧಂಗ ಆತು. ಅಕಿ ಮಣ್ಣಿನ ಮ್ಯಾಲೆ ಆ ಮಾತು ನಾ ಹಾಕೂದಿಲ್ಲ. ನೀವು ಹಾಕ್ತೀರೇನು?" ಎಂದು ಸುತ್ತಲೂ ನೋಡಿದ. ಕೂಸು ಕಳೆದುಕೊಂಡವಳೊಬ್ಬಳು ಎದ್ದು ಬಂದು ಲಗಮವ್ವನ ಪಕ್ಕದಲ್ಲಿ ಕುಳಿತಳು. ಈರಭದ್ರ ಮತ್ತೆ ಹೇಳಿದ, "ಕಲ್ಲು ಒಡದೈತಿ. ಸುಗ್ಗಿ ಬರೂದ್ರಾಗ ಹೊಸಾದು ಕಡೀಬೇಕು. ನಾಳಿಂದ ನಾ ಬರ್ತೀನಿ."

ಮಾಘದಲ್ಲಿ ಹಳ್ಳ ಸಣ್ಣದಾಗಿತ್ತು. ಆದರೂ ಹೊಸ ಕಲ್ಲು ನಿಧಾನವಾಗಿ ತಿರುಗಿತು. ಮೊದಲ ಹಿಟ್ಟು ಬಿದ್ದಾಗ ಲಗಮವ್ವ ಅದನ್ನು ತನ್ನ ಕೈಯಿಂದ ಮುಟ್ಟಲಾರದೆ ಹಿಂದೆ ನಿಂತಳು. ಈರಭದ್ರ ಅದರಲ್ಲಿ ಒಂದು ಹಿಡಿ ತೆಗೆದು ಅವಳ ಅಂಗೈಗೆ ಹಾಕಿ, ಕೆಳಗೆ ಮಡುವಿಗೆ ಕರೆದೊಯ್ದ. ತನ್ನ ತಾಯಿಯ ಹೆಸರು ಹೇಳಿ ಅದನ್ನು ನೀರಿಗೆ ಬಿಡೆಂದ. ಅವರ ಹಿಂದೆ ಊರವರೂ ಒಬ್ಬೊಬ್ಬರಾಗಿ ಇಳಿದು ಬಂದು, ತಮ್ಮ ಮನೆಯಲ್ಲಿ ಸತ್ತವರ ಹೆಸರು ಹೇಳಿ ಹಿಡಿಹಿಡಿ ಹಿಟ್ಟು ಬಿಟ್ಟರು. ಕರಿಮಡು ಎಂಬ ಹೆಸರು ಆ ದಿನವೇ ಬಿದ್ದುಹೋಯಿತು ಎನ್ನುತ್ತಾರೆ.

ನೀರಕಲ್ಲು ನಿಂತು ಎಷ್ಟೋ ಕಾಲವಾಯಿತು. ಈಗ ನಮ್ಮ ಜೋಳ ಪೇಟೆಯ ಕರೆಂಟು ಗಿರಣಿಯಲ್ಲಿ ಬೀಸಿಕೊಂಡು ಬರುತ್ತದೆ. ಆದರೂ ಸುಗ್ಗಿಯ ಹೊಸ ಹಿಟ್ಟು ಹೊತ್ತು ಬಸ್ಸಿನಿಂದ ಇಳಿದ ಹೆಂಗಸರು ನೇರ ಮನೆಗೆ ಹೋಗುವುದಿಲ್ಲ. ಡಬ್ಬಿಗಳನ್ನು ದಾರಿಬದಿಯ ಬೇವಿನ ಬುಡದಲ್ಲಿ ಇಳಿಸಿ, ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡು ಮಡುವಿಗೆ ನಡೆಯುತ್ತಾರೆ. ಚಾರಣಕ್ಕೆ ಬಂದವರು ಎಷ್ಟೋ ಸಲ ಅವರನ್ನು ನೋಡಿ, ಮೀನಿಗೆ ಹಾಕುತ್ತೀರಾ ಎಂದು ಕೇಳುವುದುಂಟು. ಹೆಂಗಸರು ಹೌದೆಂದು ಹೇಳಿ, ನೀರಿನ ಅಂಚಿಗೆ ಕುಳಿತು, ಸೆರಗು ಬಿಚ್ಚಿ, ಮೆಲ್ಲಗೆ ಒಂದು ಹೆಸರು ಹೇಳುತ್ತಾರೆ. ಕಪ್ಪು ನೀರಿನ ಮೇಲೆ ಬೆಳ್ಳನೆಯ ಒಂದು ಎಳೆ ಚಾಚಿಕೊಂಡು, ಸ್ವಲ್ಪ ದೂರ ಹರಿದು, ಕರಗಿಹೋಗುತ್ತದೆ.